ಪಾರ್ಕ್ ಉಳಿಸೋಕೆ ಗುಡಿ ಕಟ್ಟಬೇಕಾ?

ಬಳ್ಳಾರಿಯ ಓದುಗರೊಬ್ಬರ ಪತ್ರ: “ನಮ್ಮ ಬಡಾವಣೆಯ ಪಾರ್ಕಿನಲ್ಲಿ ಯಾರೋ ಕಲ್ಲು ನೆಟ್ಟು ಹೋಗಿದ್ದಾರೆ. ದೊಡ್ಡ ಬೇವಿನ ಮರದ ಬುಡಕ್ಕೇ ಒಂದು ಕಲ್ಲು, ಅದರ ಮೇಲೆ ಕೆಂಪು ಬಣ್ಣದಲ್ಲಿ ಸೈಟ್ ನಂಬರ್. ಮನೆ ಕಟ್ಟುತ್ತಾರಂತೆ. ರಾತ್ರೋರಾತ್ರಿ ಒಂದು ಆಂಜನೇಯನ ಗುಡಿ ಎಬ್ಬಿಸಿದರೆ ಯಾರೂ ಮುಟ್ಟಲ್ಲ ಅಂತಾರೆ ಓಣಿಯ ಹಿರಿಯರು. ಏನು ಮಾಡೋಣ?”

ಸಂಪಾದಕರ ಉತ್ತರ:

ಗುಡಿ ಬೇಡ. ಹಿರಿಯರ ಲೆಕ್ಕಾಚಾರ ಅರ್ಥವಾಗುತ್ತದೆ. ಏಪ್ರಿಲ್ ಬಂದರೆ 40 ಡಿಗ್ರಿ ದಾಟುವ ಊರಲ್ಲಿ ಬೇವಿನ ನೆರಳನ್ನು ಯಾರು ತಾನೇ ಬಿಟ್ಟುಕೊಡುತ್ತಾರೆ? ಆದರೆ ಪಾರ್ಕಿನಲ್ಲಿ ಅನುಮತಿ ಇಲ್ಲದೆ ಎದ್ದ ಗುಡಿಯೂ ಒತ್ತುವರಿಯೇ. ರಸ್ತೆ, ಪಾರ್ಕು, ಬೇರೆ ಸಾರ್ವಜನಿಕ ಜಾಗಗಳಲ್ಲಿ ಗುಡಿ, ಮಸೀದಿ, ಚರ್ಚು ಯಾವುದನ್ನೂ ಅನಧಿಕೃತವಾಗಿ ಕಟ್ಟಲು ಬಿಡಬಾರದು ಅಂತ ಸುಪ್ರೀಂ ಕೋರ್ಟ್ 2009ರಲ್ಲೇ ಆದೇಶ ಮಾಡಿದೆ. ನಾಳೆ ನೀವು ಕೋರ್ಟಿಗೆ ಹೋದರೆ ಎದುರಿನ ವಕೀಲರು ಮೊದಲು ತೋರಿಸುವುದು ನಿಮ್ಮ ಗುಡಿಯನ್ನೇ. ಅದೂ ಅಲ್ಲದೆ, ಗುಡಿ ಇದ್ದಷ್ಟೇ ಇರುವುದಿಲ್ಲ. ಮುಂದೊಂದು ಶೆಡ್, ಹಿಂದೊಂದು ಕೋಣೆ, ಪಕ್ಕದಲ್ಲಿ ಕಾಯಿ ಅಂಗಡಿ. ಕೊನೆಗೆ ಆಂಜನೇಯನಿಗೆ ಜಾಗ ಸಿಗುತ್ತದೆ, ಹುಡುಗರ ಕ್ರಿಕೆಟ್‌ಗೆ ಸಿಗಲ್ಲ.

ನಿಮಗೀಗ ಬೇಕಾಗಿರುವುದು ಒಂದು ಕಾಗದ. ಬಡಾವಣೆಗೆ ಅನುಮೋದನೆ ಕೊಟ್ಟಾಗಿನ ಲೇಔಟ್ ನಕ್ಷೆ. ಬುಡಾದಲ್ಲಿ, ಅಂದರೆ ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ, ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. “ನಮ್ಮ ಪಾರ್ಕಿಗೆ ಯಾಕೆ ಹೀಗಾಯ್ತು?” ಅಂತ ಬರೆಯಬೇಡಿ, ಅಂಥದ್ದಕ್ಕೆ ಹಾರಿಕೆ ಉತ್ತರವೇ ಬರೋದು. ನಕ್ಷೆಯ ದೃಢೀಕೃತ ಪ್ರತಿ ಕೊಡಿ, ಪಾರ್ಕ್ ಜಾಗವನ್ನು ಪಾಲಿಕೆಗೆ ಒಪ್ಪಿಸಿದ ಪತ್ರ ಕೊಡಿ, ಆಮೇಲೆ ನಕ್ಷೆ ತಿದ್ದಿದ್ದರೆ ಆ ಆದೇಶವನ್ನೂ ಕೊಡಿ ಅಂತ ಕೇಳಿ. ಅಷ್ಟೇ ಸಾಕು.

ನಕ್ಷೆಯಲ್ಲಿ ಪಾರ್ಕ್ ಅಂತ ಇದ್ದರೆ ನಿಮ್ಮ ಕೈ ಮೇಲು. ಪಾರ್ಕು, ಮೈದಾನಗಳನ್ನು ಕಾಪಾಡೋಕೆಂದೇ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯ ಕೇಸನ್ನು ನಿಮ್ಮ ವಕೀಲರಿಗೆ ನೆನಪು ಮಾಡಿ. ಅಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಪ್ರಾಧಿಕಾರವೇ ಖಾಸಗಿ ಟ್ರಸ್ಟ್ ಒಂದಕ್ಕೆ ನರ್ಸಿಂಗ್ ಹೋಮ್ ಕಟ್ಟಲು ಕೊಟ್ಟಿತ್ತು. ಆಸ್ಪತ್ರೆ ಬೇಡ ಅನ್ನೋದು ಸುಲಭವಲ್ಲ, ಅಲ್ವಾ? ನಿವಾಸಿಗಳು ಅಂದರು. ಇವರಿಗೆ ಕೇಳುವ ಹಕ್ಕೇ ಇಲ್ಲ ಎಂಬ ವಾದವನ್ನು ತಳ್ಳಿಹಾಕಿ, 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿಯೇ ತೀರ್ಪು ಕೊಟ್ಟಿತು.

ಇನ್ನೊಂದು ಮಾತು, ನಿಮಗೆ ಹಿಡಿಸಲಿಕ್ಕಿಲ್ಲ. ಖಾಲಿ ಬಿದ್ದಿದ್ದೆಲ್ಲ ಪಾರ್ಕ್ ಅಲ್ಲ. ಎಷ್ಟೋ ವರ್ಷ ಯಾರೋ ಕಟ್ಟದೆ ಬಿಟ್ಟ ಸ್ವಂತ ಜಾಗವಾಗಿದ್ದರೆ, ನಾವು ಅಲ್ಲಿ ವಾಕಿಂಗ್ ಮಾಡುತ್ತಿದ್ದೆವು ಅನ್ನೋದು ನಡೆಯಲ್ಲ. ಮಾಸ್ಟರ್ ಪ್ಲಾನಿನಲ್ಲಿ ಅದನ್ನು ಯಾವುದಕ್ಕೆ ಗುರುತಿಸಿದ್ದಾರೆ ನೋಡಿ. ಬಳಕೆ ಬದಲಿಸಲು ಹೊರಟಿದ್ದರೆ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಆ ಗಡುವು ತಪ್ಪಿಸಿಕೊಳ್ಳಬೇಡಿ.

ಕಲ್ಲು ಕಿತ್ತೆಸೆಯಲು ಹೋಗಬೇಡಿ, ಕೇಸು ನಿಮ್ಮ ಮೇಲೇ ಬೀಳುತ್ತದೆ. ಫೋಟೊ ತೆಗೆದಿಡಿ. ಸೈಟ್ ನೋಡಲು ಬರುವವರ ಜೊತೆಗೂ ಜಗಳ ಬೇಡ, ಸಾಲ ಮಾಡಿ ಅಡ್ವಾನ್ಸ್ ಕೊಡುವವರು ಅವರು. ನಕ್ಷೆ ಸಿಕ್ಕ ದಿನ ಅದರ ದೊಡ್ಡ ಪ್ರತಿಯೊಂದನ್ನು ಪಾರ್ಕಿನ ಗೇಟಿಗೇ ತೂಗುಹಾಕಿ. ನಮಗೂ ಒಂದು ಕಳಿಸಿ. ಪಾರ್ಕ್ ಅಂತ ಇದ್ದರೆ, ಆ ಕೆಂಪು ನಂಬರಿನ ಕಲ್ಲಿನ ಫೋಟೊ ಪಕ್ಕದಲ್ಲೇ ಅಚ್ಚು ಹಾಕುತ್ತೇವೆ.