ಮಗಳ ಪಂದ್ಯ, ಅಮ್ಮನ ಪಾಳಿ

ಪ್ರಶ್ನೆ: ನಾನು ಬೆಂಗಳೂರಿನ ಪೀಣ್ಯದ ಕಡೆ ಒಂದು ಗಾರ್ಮೆಂಟ್ಸ್‌ ಕಾರ್ಖಾನೆಯಲ್ಲಿ ಟೈಲರ್. ಯಜಮಾನರು ಸರಕು ಸಾಗಿಸುವ ಟೆಂಪೊ ಓಡಿಸುತ್ತಾರೆ. ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಕಳೆದ ವರ್ಷದಿಂದ ಶಾಲೆಯ ಕೊಕ್ಕೊ ತಂಡದಲ್ಲಿದ್ದಾಳೆ. ಈ ಸಲ ವಲಯ ಮಟ್ಟದಲ್ಲಿ ಗೆದ್ದರು, ಮುಂದಿನ ತಿಂಗಳು ತಾಲ್ಲೂಕು ಮಟ್ಟದ ಪಂದ್ಯವಿದೆಯಂತೆ. ನಾನು ಇಲ್ಲಿಯವರೆಗೆ ಅವಳ ಒಂದು ಪಂದ್ಯವನ್ನೂ ನೋಡಿಲ್ಲ. ಎಲ್ಲವೂ ವಾರದ ದಿನಗಳಲ್ಲೇ ನಡೆಯುತ್ತವೆ. ಒಂದು ದಿನ ರಜೆ ಹಾಕಿದರೆ ಆ ದಿನದ ಸಂಬಳದ ಜೊತೆಗೆ ತಿಂಗಳ ಹಾಜರಿ ಬೋನಸ್ಸೂ ಹೋಗುತ್ತದೆ. ಕಳೆದ ಪೋಷಕರ ಸಭೆಯಲ್ಲಿ ಶಿಕ್ಷಕರೊಬ್ಬರು, ‘ಖಾಸಗಿ ಶಾಲೆಯ ಮಕ್ಕಳ ಅಪ್ಪ ಅಮ್ಮ ಮೈದಾನದ ತುಂಬ ಇರುತ್ತಾರೆ, ನಮ್ಮ ಮಕ್ಕಳ ಕಡೆಯವರು ಒಬ್ಬರೂ ಇರುವುದಿಲ್ಲ, ನಿಮಗೆಲ್ಲ ಆಸಕ್ತಿಯೇ ಇಲ್ಲ’ ಎಂದರು. ತಲೆ ತಗ್ಗಿಸಿ ಕುಳಿತೆ. ಈ ಸಲ ಏನಾದರಾಗಲಿ ಬರುತ್ತೇನೆ ಎಂದು ಮಗಳಿಗೆ ಹೇಳಿದರೆ, ‘ಬೇಡಮ್ಮ, ನೀನು ಬರಬೇಡ’ ಎಂದುಬಿಟ್ಟಳು. ಮೊದಲೆಲ್ಲ ಬಾ ಬಾ ಎಂದು ಪೀಡಿಸುತ್ತಿದ್ದವಳು. ನನ್ನನ್ನು ಗೆಳತಿಯರಿಗೆ ತೋರಿಸಲು ಅವಳಿಗೆ ನಾಚಿಕೆಯೇ? ಯಜಮಾನರು, ‘ನೀನು ಹೋಗಿ ಏನು ಮಾಡುತ್ತೀಯ, ನಿನಗೆ ಆಟದ ಗಂಧಗಾಳಿ ಗೊತ್ತೇ?’ ಎನ್ನುತ್ತಾರೆ. ಅದೂ ನಿಜವೇ. ಕೂಲಿ ಬಿಟ್ಟು ಹೋಗಲೇ, ಅವಳು ಹೇಳಿದಂತೆ ಸುಮ್ಮನಿರಲೇ?
— ಒಬ್ಬ ತಾಯಿ, ಬೆಂಗಳೂರು

ಉತ್ತರ: ಹೋಗಿ, ತಾಯಿ. ತಾಲ್ಲೂಕು ಮಟ್ಟದ ಪಂದ್ಯಕ್ಕೇ ಹೋಗಿ. ಆದರೆ ಸಭೆಯಲ್ಲಿ ಆಡಿದ ಆ ಮಾತಿಗೆ ಉತ್ತರ ಕೊಡಬೇಕೆಂದು ಹೋಗಬೇಡಿ. ಆ ಮಾತನ್ನು ಮೊದಲು ಇಲ್ಲಿಯೇ ತೀರಿಸಿಬಿಡೋಣ.

ಶಾಲಾ ಕ್ರೀಡಾಕೂಟಗಳು ನಡೆಯುವುದು ಕೆಲಸದ ದಿನಗಳಲ್ಲಿ, ಶಾಲೆಯ ವೇಳೆಯಲ್ಲಿ. ಮಳೆ ಬಂದರೆ ಮುಂದಕ್ಕೆ ಹೋಗುತ್ತವೆ, ಮೈದಾನ ಸಿಗದಿದ್ದರೆ ಇನ್ನೊಂದು ದಿನಕ್ಕೆ. ಎಷ್ಟೋ ಸಲ ಪಂದ್ಯದ ದಿನ ಯಾವುದೆಂದು ಮಕ್ಕಳಿಗೆ ಗೊತ್ತಾಗುವುದು ಹಿಂದಿನ ದಿನ. ಅದೇ ಹೊತ್ತಿಗೆ ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ, ಬೊಮ್ಮನಹಳ್ಳಿಯಲ್ಲಿ ಆ ಮಕ್ಕಳ ತಾಯಂದಿರು ಮಿಷನ್ನಿನ ಮುಂದೆ ಕುಳಿತಿರುತ್ತಾರೆ. ಗಂಟೆಗೆ ಇಷ್ಟು ಪೀಸ್‌ ಎಂಬ ಟಾರ್ಗೆಟ್‌ ಇರುತ್ತದೆ. ಒಬ್ಬರು ಎದ್ದು ಹೋದರೆ ಅವರ ಹಿಂದೆ ರಾಶಿ ಬೀಳುತ್ತದೆ, ಸೂಪರ್‌ವೈಸರ್‌ ಬಾಯಿ ತೆರೆಯುತ್ತಾರೆ. ನಾಲ್ಕು ಮನೆಗಳ ಪಾತ್ರೆ ತೊಳೆಯುವವರದ್ದೂ, ಬೆಳಗಿನ ಜಾವ ರಸ್ತೆ ಗುಡಿಸಲು ಹೋಗುವ ಪೌರಕಾರ್ಮಿಕರದ್ದೂ, ಗಾರೆ ಕೆಲಸದವರದ್ದೂ ಇದೇ ಕಥೆ. ಕಾರಿನಲ್ಲಿ ಬಂದು ನಿಂತ ತಂದೆತಾಯಿಗೆ ಮಕ್ಕಳ ಮೇಲೆ ಪ್ರೀತಿಯಿದೆ, ಖಂಡಿತ. ಜೊತೆಗೆ ಅವರಿಗೆ ಕಚೇರಿಗೆ ಒಂದು ಸಂದೇಶ ಕಳುಹಿಸಿ ಎದ್ದು ಬರುವ ಸ್ವಾತಂತ್ರ್ಯವೂ ಇದೆ. ಎರಡನೆಯದು ಇಲ್ಲದವರನ್ನು ನೋಡಿ ಮೊದಲನೆಯದೇ ಇಲ್ಲ ಎನ್ನುವುದು ಅನ್ಯಾಯ. ಬಡವರ ಮಕ್ಕಳ ಶಾಲೆಗಳಲ್ಲಿ ಈ ಮಾತನ್ನು ಸಲೀಸಾಗಿ ಆಡುತ್ತಾರೆ; ಕೇಳಿಸಿಕೊಂಡ ತಾಯಂದಿರು ಮುಂದಿನ ಸಭೆಗೂ ಬಾರದಂತಾಗುತ್ತಾರೆ. ನೀವು ತಲೆ ತಗ್ಗಿಸುವ ಕೆಲಸವನ್ನೇನೂ ಮಾಡಿಲ್ಲ.

ಇನ್ನು ಮಗಳ ‘ಬರಬೇಡ’. ನಿಮ್ಮ ಮನಸ್ಸು ನೇರವಾಗಿ ನಾಚಿಕೆಗೆ ಹೋಗಿದೆ. ಹದಿನಾಲ್ಕರ ಮಕ್ಕಳ ಬಾಯಲ್ಲಿ ಆ ಮಾತಿಗೆ ಬೇರೆ ಕಾರಣಗಳೂ ಇರಬಹುದು. ಹಾಜರಿ ಬೋನಸ್ಸಿನ ವಿಷಯ ಮನೆಯಲ್ಲಿ ಎಷ್ಟು ಸಲ ಚರ್ಚೆಯಾಗಿದೆ ಎಂದು ನೆನಪು ಮಾಡಿಕೊಳ್ಳಿ. ಬಾಡಿಗೆಯ ಲೆಕ್ಕ, ಚೀಟಿಯ ಲೆಕ್ಕ ಹಾಕುವಾಗ ಅವಳು ಅಲ್ಲೇ ಪುಸ್ತಕ ಹಿಡಿದು ಕುಳಿತಿರುತ್ತಾಳೆ. ತನ್ನ ಆಟಕ್ಕಾಗಿ ಮನೆಗೆ ಇಷ್ಟು ನಷ್ಟ ಎಂದು ಅವಳೇ ಕೂಡಿ ಕಳೆದು ‘ಬೇಡ’ ಎಂದಿರಬಹುದು. ಅಥವಾ ಕೇಳಿ ಕೇಳಿ ಬೇಸತ್ತು, ನೀವು ಬರುತ್ತೇನೆಂದು ಮತ್ತೆ ಬಾರದೆ ಹೋದರೆ ಆಗುವ ಸಂಕಟಕ್ಕಿಂತ ಈಗಲೇ ಬೇಡವೆನ್ನುವುದು ಲೇಸು ಅನ್ನಿಸಿರಬಹುದು. ನೀವು ನೋಡುತ್ತಿರುವಾಗಲೇ ಸೋತುಬಿಟ್ಟರೆ ಎಂಬ ಭಯವೂ ಇದ್ದೀತು. ನಾಚಿಕೆಯೂ ಇರಬಹುದು, ಆ ವಯಸ್ಸಿನಲ್ಲಿ ಸಿರಿವಂತರ ಮಕ್ಕಳಿಗೂ ಅಪ್ಪ ಅಮ್ಮ ಬಂದು ನಿಂತರೆ ಮುಜುಗರವಾಗುತ್ತದೆ, ಅದನ್ನು ನಿಮ್ಮ ಸೀರೆಗೂ ಕೆಲಸಕ್ಕೂ ಅಂಟಿಸಿಕೊಳ್ಳಬೇಡಿ.

ಯಾವ ಕಾರಣವೆಂದು ನಾನು ಇಲ್ಲಿ ಕುಳಿತು ಹೇಳಲಾರೆ. ನೀವೇ ಕೇಳಬೇಕು, ಅದೂ ‘ಯಾಕೆ ಬರಬೇಡ?’ ಎಂದು ಎದುರು ಕೂರಿಸಿಕೊಂಡು ವಿಚಾರಣೆ ಮಾಡಿದಂತೆ ಬೇಡ. ರಾತ್ರಿ ಅವಳ ಜಡೆ ಬಿಚ್ಚುವಾಗಲೋ, ಚಪಾತಿ ಲಟ್ಟಿಸುವಾಗಲೋ, ‘ದುಡ್ಡಿನ ಯೋಚನೆ ನನಗಿರಲಿ. ಒಂದು ದಿನದ ರಜೆಯನ್ನು ಹೇಗೆ ಹೊಂದಿಸಬೇಕೆಂದು ನೋಡಿಕೊಂಡಿದ್ದೇನೆ. ನನಗೆ ನಿನ್ನ ಆಟ ನೋಡಬೇಕು ಅನ್ನಿಸಿದೆ. ಎಲ್ಲಿ ನಿಂತರೆ ನಿನಗೆ ತೊಂದರೆಯಾಗುವುದಿಲ್ಲ, ಹೇಳು’ ಎನ್ನಿ. ಬರಲೋ ಬೇಡವೋ ಎಂದು ತೀರ್ಮಾನಿಸುವ ಭಾರ ಅವಳ ಮೇಲೆ ಬೀಳಬಾರದು. ಎಲ್ಲಿ ನಿಲ್ಲಬೇಕು, ಗೆಳತಿಯರ ಮುಂದೆ ಮಾತನಾಡಿಸಬೇಕೇ ಬೇಡವೇ ಎಂಬುದನ್ನು ಅವಳೇ ಹೇಳಲಿ. ‘ಗೇಟಿನ ಹತ್ತಿರ ನಿಲ್ಲು, ಕೂಗಬೇಡ’ ಎಂದರೆ ಗೇಟಿನ ಹತ್ತಿರವೇ ನಿಲ್ಲಿ. ಇಷ್ಟಾದ ಮೇಲೂ ಅವಳು ಕಣ್ಣೀರು ಹಾಕಿ ಬೇಡವೆಂದರೆ ಬಲವಂತ ಮಾಡಬೇಡಿ, ಆಗ ಕೆಳಗೆ ಹೇಳಿರುವ ಭಾನುವಾರದ ದಾರಿ ನೋಡಿ.

ತಾಲ್ಲೂಕು ಮಟ್ಟಕ್ಕೇ ಹೋಗಿ ಎಂದೆನಲ್ಲ, ಅದಕ್ಕೆ ಕಾರಣವಿದೆ. ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲುಗಳಿವೆ. ಈ ಕೂಟಗಳಲ್ಲಿ ಸಾಮಾನ್ಯವಾಗಿ ಸೋತ ತಂಡ ಅಲ್ಲಿಗೇ ಮನೆಗೆ. ‘ಜಿಲ್ಲಾ ಮಟ್ಟಕ್ಕೆ ಹೋದರೆ ಬರುತ್ತೇನೆ’ ಎಂದು ಕಾದರೆ ಬೆಳಗಿನ ಮೊದಲ ಪಂದ್ಯದಲ್ಲೇ ಈ ವರ್ಷ ಮುಗಿದುಹೋಗಬಹುದು. ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ. ಆಗ ಆಟಕ್ಕೆ ಮನೆಯಲ್ಲಿ ಎಷ್ಟು ಜಾಗ ಸಿಗುತ್ತದೆಂದು ನಿಮಗೇ ಗೊತ್ತು. ಇನ್ನೂ ಒಂದಿದೆ: ದೊಡ್ಡ ಪಂದ್ಯಕ್ಕೆ ಮಾತ್ರ ಬರುವ ಅಮ್ಮ ಗೆಲುವನ್ನು ನೋಡಲು ಬಂದಳು ಎಂದು ಮಗುವಿಗೆ ಅನ್ನಿಸುತ್ತದೆ. ಸಾಧಾರಣ ಪಂದ್ಯಕ್ಕೆ ಬಂದರೆ ತನ್ನನ್ನೇ ನೋಡಲು ಬಂದಳೆಂದು ತಿಳಿಯುತ್ತದೆ.

ರಜೆಯ ವಿಷಯ. ಕಾರ್ಖಾನೆಯಲ್ಲಿ ದುಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ಸಂಬಳಸಹಿತ ಗಳಿಕೆ ರಜೆ ಕಾನೂನಿನ ಪ್ರಕಾರ ನಿಮಗೆ ಸಲ್ಲಬೇಕಾದದ್ದು. ಅದು ಯಾರ ದಯೆಯೂ ಅಲ್ಲ. ನಿಮ್ಮ ಖಾತೆಯಲ್ಲಿ ಎಷ್ಟಿದೆ ಎಂದು ಎಚ್‌.ಆರ್‌. ವಿಭಾಗದಲ್ಲಿ ಕೇಳಿ. ಗಳಿಕೆ ರಜೆ ಮಂಜೂರಾಗಿ ತೆಗೆದುಕೊಂಡರೂ ಹಾಜರಿ ಬೋನಸ್‌ ಕಡಿತವಾಗುತ್ತದೆಯೇ ಎಂಬುದನ್ನೂ ಸ್ಪಷ್ಟವಾಗಿ ಕೇಳಿ, ಅದು ಒಂದೊಂದು ಕಾರ್ಖಾನೆಯಲ್ಲಿ ಒಂದೊಂದು ಥರ. ಅರ್ಜಿಯನ್ನು ಬರೆದೇ ಕೊಡಿ. ಇದಕ್ಕೆ ಪಂದ್ಯದ ದಿನ ಮೊದಲೇ ಗೊತ್ತಿರಬೇಕು. ದೈಹಿಕ ಶಿಕ್ಷಣ ಶಿಕ್ಷಕರ ಫೋನ್‌ ನಂಬರ್‌ ಪಡೆದು, ‘ದಿನಾಂಕ ಗೊತ್ತಾದ ಕೂಡಲೇ ತಿಳಿಸಿ, ರಜೆ ಹಾಕಬೇಕು’ ಎಂದು ಈಗಲೇ ಹೇಳಿಡಿ. ಬಸ್ಸಿನ ಖರ್ಚಿನ ಚಿಂತೆ ಬೇಡ, ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸು ನಿಮಗೆ ಉಚಿತ. ಎಲ್ಲ ಮಾಡಿಯೂ ಬೋನಸ್‌ ಹೋಗುವುದಾದರೆ, ವರ್ಷಕ್ಕೆ ಒಂದು ಸಲ ಅಷ್ಟನ್ನು ಮಗಳ ಹೆಸರಿಗೆ ಖರ್ಚು ಬರೆಯಿರಿ. ಆ ತಿಂಗಳು ಮನೆ ಬಾಡಿಗೆಗೇ ತತ್ವಾರವಿದ್ದರೆ ಹೋಗಬೇಡಿ. ಮನೆ ನಡೆಯಲೆಂದು ಪಾಳಿಗೆ ಹೋದ ತಾಯಿ ಮಗಳನ್ನು ಕೈಬಿಟ್ಟಳು ಎಂದು ನಾನಂತೂ ಎಂದಿಗೂ ಹೇಳಲಾರೆ.

ಆಟದ ಗಂಧಗಾಳಿ ಇಲ್ಲವೆಂಬ ಮಾತು ನಿಮ್ಮನ್ನು ಚುಚ್ಚಿದೆ. ಕೊಕ್ಕೊ ಕಲಿಯಲು ಹತ್ತು ನಿಮಿಷ ಸಾಕು. ಒಂದು ತಂಡದ ಎಂಟು ಮಂದಿ ನಡುವಿನ ಗೆರೆಯ ಮೇಲೆ ಸಾಲಾಗಿ ಕುಳಿತಿರುತ್ತಾರೆ, ಒಬ್ಬಳ ಮುಖ ಈ ಕಡೆಗೆ, ಪಕ್ಕದವಳದು ಆ ಕಡೆಗೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಹೋಗುತ್ತಾಳೆ. ಎದುರು ತಂಡದವರು ಮೂವರು ಮೂವರಾಗಿ ಒಳಗೆ ಬರುತ್ತಾರೆ. ತಪ್ಪಿಸಿಕೊಳ್ಳುವವರು ಕುಳಿತವರ ನಡುವೆ ಎಲ್ಲಿ ಬೇಕಾದರೂ ನುಸುಳಬಹುದು. ಅಟ್ಟುವವಳು ನುಸುಳುವಂತಿಲ್ಲ, ಹಿಡಿದ ದಿಕ್ಕು ಬಿಟ್ಟು ಹಿಂದಕ್ಕೆ ತಿರುಗುವಂತೆಯೂ ಇಲ್ಲ. ಕೊನೆಯ ಕಂಬ ಸುತ್ತಿ ಬರಬೇಕು, ಇಲ್ಲವೇ ಕುಳಿತವಳ ಬೆನ್ನು ಮುಟ್ಟಿ ‘ಖೋ’ ಎಂದು ಅವಳನ್ನು ಎಬ್ಬಿಸಿ ತಾನು ಅಲ್ಲಿ ಕೂರಬೇಕು. ನಿಮ್ಮ ಲೈನಿನಲ್ಲಿ ಕಾಲರ್‌ ಹೊಲಿದವರು ತೋಳು ಕೂಡಿಸುವವರಿಗೆ ಪೀಸ್‌ ದಾಟಿಸುವ ಹಾಗೆ. ಒಬ್ಬಳ ಕೈ ತಡವಾದರೆ ಎಲ್ಲರದೂ ತಡ. ಆದ್ದರಿಂದ ಮೈದಾನದಲ್ಲಿ ಓಡುವವಳನ್ನಷ್ಟೇ ನೋಡಬೇಡಿ. ನಿಮ್ಮ ಮಗಳು ಕುಳಿತಿರುವಾಗ ಅವಳ ಕಾಲು ನೋಡಿ. ಹೆಬ್ಬೆರಳ ಮೇಲೆ ಭಾರ ಹಾಕಿ, ಒಂದು ಕೈ ನೆಲಕ್ಕೆ ಊರಿ, ಯಾವ ಗಳಿಗೆಯಲ್ಲಿ ‘ಖೋ’ ಬಿದ್ದರೂ ಚಿಮ್ಮಲು ಸಿದ್ಧಳಾಗಿರುತ್ತಾಳೆ.

ಇದನ್ನು ನಾನು ಹೇಳುವುದಕ್ಕಿಂತ ಅವಳೇ ಹೇಳಿಕೊಡಲಿ. ಪಂದ್ಯಕ್ಕೆ ಇನ್ನೂ ಸಮಯವಿದೆ. ದಿನವೂ ಸಂಜೆ ‘ಇವತ್ತು ಗೆದ್ದೆಯಾ?’ ಎನ್ನುವ ಬದಲು, ‘ನೀನು ಎಷ್ಟನೇ ಚೌಕದಲ್ಲಿ ಕೂರುತ್ತೀಯ? ನಿನಗೆ ಹೆಚ್ಚು ಖೋ ಕೊಡುವವಳು ಯಾರು? ಕಂಬದ ಹತ್ತಿರ ಹೇಗೆ ತಿರುಗುತ್ತೀಯ?’ ಎಂದು ಕೇಳಿ. ಅಡುಗೆಮನೆಯ ನೆಲದ ಮೇಲೆ ಬೇಳೆಕಾಳು ಜೋಡಿಸಿ ತೋರಿಸುತ್ತಾಳೆ, ನೋಡಿ. ಮಣ್ಣಿನ ಮೈದಾನದಲ್ಲಿ ಆಡುವ ಹುಡುಗಿಯರ ಮೊಣಕಾಲಿನ ಗಾಯ ಆರುವುದೇ ಇಲ್ಲ. ಅದಕ್ಕೆ ಅರಿಸಿನ ಹಚ್ಚುತ್ತಾ, ಯಾವ ಓಟದಲ್ಲಿ ಬಿದ್ದೆ ಎಂದು ಕೇಳಿದರೂ ಸಾಕು. ಮನೆಯಲ್ಲಿ ತಾನು ಆಟಗಾರ್ತಿಯೆಂದು ಎಲ್ಲರಿಗೂ ಗೊತ್ತು ಎನ್ನುವುದು ಅವಳಿಗೆ ಬೇಕಾಗಿರುವ ಮುಖ್ಯ ಸಂಗತಿ. ಮೈದಾನಕ್ಕೆ ಬರುವುದು ಅದನ್ನು ತೋರಿಸುವ ಒಂದು ದಾರಿ. ಇದೂ ಒಂದು ದಾರಿಯೇ, ಇದಕ್ಕೆ ರಜೆ ಬೇಕಿಲ್ಲ.

ಮೈದಾನದಲ್ಲಿ ಹೊರಗಿನಿಂದ ‘ಓಡು, ಎಡಕ್ಕೆ ಹೋಗು’ ಎಂದು ಹೇಳಿಕೊಡಬೇಡಿ, ಅಂಪೈರ್‌ ತಂಟೆಗೂ ಹೋಗಬೇಡಿ. ಸೋತರೆ ಬಸ್ಸಿನಲ್ಲಿ ಬರುವಾಗ ಗಣಿತದ ಅಂಕದ ಮಾತು ತೆಗೆಯಬೇಡಿ. ಅವಳು ಗೆಳತಿಯರ ಜೊತೆ ಕೂರಲಿ.

ಈಗ ನಿಮ್ಮ ಯಜಮಾನರ ವಿಷಯ. ಪತ್ರವನ್ನು ಓದುತ್ತಾ ನನಗೆ ಸಿಟ್ಟು ಬಂದದ್ದು ಇಲ್ಲಿಯೇ. ಹಾಜರಿ ಪುಸ್ತಕಕ್ಕೆ ಕಟ್ಟುಬಿದ್ದಿರುವವರು ನೀವು. ಅವರು ಟೆಂಪೊ ಓಡಿಸುತ್ತಾರೆ. ಲೋಡ್‌ ಇಳಿಸಿ ಮುಂದಿನ ಬಾಡಿಗೆಗೆ ಕಾಯುವ ಹೊತ್ತು ಅವರಿಗೆ ಸಿಗುತ್ತದೆ, ಮೈದಾನದ ಪಕ್ಕದಲ್ಲಿ ಅರ್ಧ ಗಂಟೆ ಗಾಡಿ ನಿಲ್ಲಿಸಬಹುದು. ಇಬ್ಬರಲ್ಲಿ ಸುಲಭವಾಗಿ ಹೋಗಬಲ್ಲವರು ಅವರೇ. ಹಾಗಿದ್ದೂ ಹೋಗಲಿಲ್ಲವೆಂಬ ಕೊರಗು ಪೂರ್ತಿ ನಿಮ್ಮ ಪಾಲಿಗೆ ಬಂದಿದೆ, ಅವರ ಪಾಲಿಗೆ ಬಂದಿರುವುದು ನಿಮ್ಮನ್ನು ಹಂಗಿಸುವ ಕೆಲಸ. ಮಗಳು ಇಬ್ಬರಿಗೂ ಮಗಳು. ‘ನಾನು ತಾಲ್ಲೂಕು ಪಂದ್ಯಕ್ಕೆ ಹೋಗುತ್ತೇನೆ, ಅವರು ಗೆದ್ದರೆ ಜಿಲ್ಲಾ ಪಂದ್ಯ ನಿಮ್ಮದು’ ಎಂದು ನೇರವಾಗಿ ಹೇಳಿ. ಕೊಕ್ಕೊ ಆಡಿ ಏನು ಸಿಗುತ್ತದೆ ಎಂಬ ಪ್ರಶ್ನೆ ಬರಬಹುದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು, ರೈತರ ಮನೆಯ ಹುಡುಗಿ. ಇದನ್ನು ಅವರಿಗೆ ಹೇಳಿ. ಮಗಳಿಗೆ ಹೇಳಬೇಕಿಲ್ಲ, ಅವಳಿಗೆ ಈಗಾಗಲೇ ಗೊತ್ತಿರುತ್ತದೆ. ಅವಳಿಂದ ವಿಶ್ವಕಪ್ಪನ್ನೂ ಕ್ರೀಡಾ ಕೋಟಾದ ನೌಕರಿಯನ್ನೂ ಈಗಲೇ ನಿರೀಕ್ಷಿಸುವುದು ಬೇಡ. ಒಂಬತ್ತನೇ ತರಗತಿಯಲ್ಲಿ ಚೆನ್ನಾಗಿ ಓಡುತ್ತಾಳೆ ಎಂಬುದಷ್ಟೇ ಅಪ್ಪ ಬಂದು ನೋಡಲು ಸಾಕಾದ ಕಾರಣ.

ಭಾನುವಾರದ ದಾರಿ ಹೀಗಿದೆ. ನಿಮ್ಮ ಕಾರ್ಖಾನೆಗೂ ನಿಮ್ಮ ಬೀದಿಯ ಎಷ್ಟೋ ಜನರಿಗೂ ಅಂದು ರಜೆ. ಪಕ್ಕದ ಶಾಲೆಯ ತಂಡವನ್ನು ಕರೆಸಿ ಒಂದು ಭಾನುವಾರ ಬೆಳಿಗ್ಗೆ ಸ್ನೇಹ ಪಂದ್ಯ ಇಡಿ ಎಂದು ದೈಹಿಕ ಶಿಕ್ಷಣ ಶಿಕ್ಷಕರನ್ನು ಕೇಳಿ. ತಂಡದ ಇನ್ನೂ ಮೂರು ನಾಲ್ಕು ಮಕ್ಕಳ ತಾಯಂದಿರನ್ನು ಜೊತೆಗೆ ಕರೆದುಕೊಂಡು ಹೋಗಿ. ಒಬ್ಬರೇ ಹೋದರೆ ಅದು ನಿಮ್ಮೊಬ್ಬರ ಕೋರಿಕೆಯಾಗಿಯೇ ಉಳಿಯುತ್ತದೆ. ಒಪ್ಪದಿದ್ದರೆ ವಿಷಯವನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಎತ್ತಿ. ಪೋಷಕರಿಗೆ ಆಸಕ್ತಿಯಿಲ್ಲ ಎಂದ ಶಿಕ್ಷಕರೂ ಅಲ್ಲಿದ್ದರೆ, ‘ನಾವು ಬರಲು ಆಗುವ ದಿನ ಒಂದು ಪಂದ್ಯ ಇಟ್ಟು ನೋಡಿ, ಸರ್‌’ ಎಂದು ಗಟ್ಟಿಯಾಗಿ ಹೇಳಿ. ಆ ಶಿಕ್ಷಕರಿಗೂ ಭಾನುವಾರ ಮನೆಯಲ್ಲಿ ಮಕ್ಕಳಿರುತ್ತಾರೆ ಎಂಬುದು ನನಗೆ ಗೊತ್ತು. ಆದರೂ ವರ್ಷಕ್ಕೆ ಒಂದು ಬೆಳಗನ್ನು ಕೇಳುವುದು ಹೆಚ್ಚಲ್ಲ.

ಕೊನೆಯದಾಗಿ, ತಂಡವನ್ನು ಹೊರಗೆ ಕರೆದೊಯ್ಯುವ ಮೊದಲು ಶಾಲೆಯಿಂದ ಪೋಷಕರ ಒಪ್ಪಿಗೆ ಪತ್ರ ಬರುತ್ತದೆ. ಮಕ್ಕಳು ಬೆಳಿಗ್ಗೆ ಶಾಲೆಗೆ ಓಡುವಾಗ ಅದನ್ನು ಚಾಚುತ್ತಾರೆ, ನಾವು ನಿಂತಲ್ಲೇ ಗೀಚಿ ಕಳುಹಿಸುತ್ತೇವೆ. ಈ ಸಲ ಅದನ್ನು ಹಿಂದಿನ ರಾತ್ರಿಯೇ ಯಜಮಾನರ ಮುಂದೆ ಇಡಿ. ಪಂದ್ಯ ಎಲ್ಲಿ, ಎಷ್ಟು ಹೊತ್ತಿಗೆ, ಮಕ್ಕಳು ಹೇಗೆ ಹೋಗುತ್ತಾರೆ, ಯಾರು ಕರೆದುಕೊಂಡು ಬರುತ್ತಾರೆ ಎಂದು ಮಗಳನ್ನೇ ಕೇಳಿ, ಓದಿ, ಅವರೇ ಸಹಿ ಹಾಕಲಿ.