ಗೋಲು ಕಡಿಮೆ ಬಿಟ್ಟುಕೊಟ್ಟರೆ ಡಿಫೆನ್ಸ್ ಗಟ್ಟಿ ಅಂತಲಾ?

ಬಳ್ಳಾರಿಯ ನಿಮ್ಮ ಫುಟ್‌ಬಾಲ್ ತಂಡ 6 ಪಂದ್ಯಗಳಲ್ಲಿ 2 ಗೋಲು ಮಾತ್ರ ಬಿಟ್ಟುಕೊಟ್ಟಿದೆ, ಡಿಫೆನ್ಸ್ ಗಟ್ಟಿ ಅಲ್ವಾ ಅಂತ ಕೇಳಿದ್ದೀರಿ. ಮೊದಲು ಎದುರಾಳಿ ಯಾರು ಅಂತ ನೋಡಿ. 2022ರ ವಿಶ್ವಕಪ್ ಅರ್ಹತಾ ಸುತ್ತಿನ 10 ಪಂದ್ಯಗಳಲ್ಲಿ ಇಂಗ್ಲೆಂಡ್ ಬಿಟ್ಟುಕೊಟ್ಟದ್ದು 3 ಗೋಲು. ಆದರೆ 2 ಪಂದ್ಯ ಪುಟ್ಟ ದೇಶ ಸ್ಯಾನ್ ಮರಿನೋದ ದುರ್ಬಲ ತಂಡದ ಮೇಲೆ: 5-0, 10-0. ಅಲ್ಲಿ ಗೋಲ್‌ಕೀಪರ್ ಕುರ್ಚಿ ಹಾಕಿಕೊಂಡು ಕೂತರೂ ನಡೆಯುತ್ತಿತ್ತು! ಅದೇ ಮೊರಾಕ್ಕೊ ನೋಡಿ, ಕತಾರ್‌ನಲ್ಲಿ ನಡೆದ ಆ ವಿಶ್ವಕಪ್‌ನಲ್ಲಿ ಬೆಲ್ಜಿಯಂ, ಸ್ಪೇನ್, ಪೋರ್ಚುಗಲ್‌ಗಳನ್ನು ಎದುರಿಸಿಯೂ ಸೆಮಿಫೈನಲ್ ಮುಟ್ಟುವವರೆಗೆ ಬಿಟ್ಟುಕೊಟ್ಟದ್ದು 1, ಅದೂ ತನ್ನದೇ ಆಟಗಾರನಿಂದ ತಪ್ಪಿ ಆದ ಸ್ವಂತ ಗೋಲು. ಈ 1ರ ತೂಕವೇ ಬೇರೆ.

ಪ್ರತಿ ಎದುರಾಳಿ ಉಳಿದವರ ಮೇಲೆ ಸರಾಸರಿ ಎಷ್ಟು ಗೋಲು ಹೊಡೆದಿದ್ದಾರೆ, ನಿಮ್ಮ ಮೇಲೆ ಎಷ್ಟು ಅಂತ ಹೋಲಿಸಿ. ಸರಾಸರಿ 2 ಹೊಡೆಯುವವರಿಗೆ 1 ಕೊಟ್ಟರೆ ಶಭಾಷ್, ಸರಾಸರಿ ಅರ್ಧ ಗೋಲು ಹೊಡೆಯುವವರಿಗೆ 1 ಕೊಟ್ಟರೆ ಅಲ್ಲ. ಅಂದಹಾಗೆ, ತೀರ್ಮಾನಕ್ಕೆ ಬರಲು 6 ಪಂದ್ಯ ತುಂಬಾ ಕಡಿಮೆಯೇ.