ಕೈಗಾರಿಕಾ ರಸಾಯನಶಾಸ್ತ್ರಕ್ಕೆ ಗಣಿತ ಎಷ್ಟು ಬೇಕು?

ಕೈಗಾರಿಕಾ ರಸಾಯನಶಾಸ್ತ್ರದ ಸ್ನಾತಕೋತ್ತರ ಕೋರ್ಸ್ ಮಾಮೂಲಿ ರಸಾಯನಶಾಸ್ತ್ರಕ್ಕಿಂತ ಹೇಗೆ ಬೇರೆ, ಗಣಿತದಲ್ಲಿ ಹಿಂದಿರುವವರಿಗೆ ದಕ್ಕುತ್ತದೆಯೇ ಎಂದು ಕೇಳಿದ್ದೀರಿ.

ಅಮೋನಿಯಾವನ್ನೇ ತೆಗೆದುಕೊಳ್ಳಿ. ಸಾರಜನಕ, ಜಲಜನಕ ಸೇರಿ ಅದು ಆಗುವಾಗ ಶಾಖ ಹೊರಬರುತ್ತದೆ. ಹಾಗಾಗಿ ತಾಪ ಕಡಿಮೆಯಿದ್ದಷ್ಟೂ ಸಮತೋಲನದಲ್ಲಿ, ಅಂದರೆ ಕೂಡುವ ವೇಗವೂ ಮತ್ತೆ ಒಡೆಯುವ ವೇಗವೂ ಸಮವಾದಾಗ, ಇಳುವರಿ ಹೆಚ್ಚು. ಸಾಮಾನ್ಯ ತರಗತಿಯ ಪಾಠ ಬಹುತೇಕ ಅಲ್ಲಿಗೆ ಮುಗಿಯುತ್ತದೆ. ಕಾರ್ಖಾನೆಯಲ್ಲಾದರೋ 400ರಿಂದ 500 ಡಿಗ್ರಿ ಸೆಲ್ಸಿಯಸ್ ಇಡುತ್ತಾರೆ, ಏಕೆಂದರೆ ತಣ್ಣಗಿದ್ದರೆ ಕಬ್ಬಿಣದ ವೇಗವರ್ಧಕದ ಮೇಲೆ ಕ್ರಿಯೆ ತೆವಳುತ್ತದೆ. ಒಂದು ಸುತ್ತಿನಲ್ಲಿ ಸುಮಾರು ಶೇ 15ರಷ್ಟು ಅನಿಲ ಮಾತ್ರ ಅಮೋನಿಯಾ ಆಗುತ್ತದೆ. ಅದನ್ನು ತಂಪುಗೊಳಿಸಿ ದ್ರವವಾಗಿ ಬೇರ್ಪಡಿಸಿ, ಉಳಿದದ್ದನ್ನು ಮತ್ತೆ ಒಳಗೆ ಕಳುಹಿಸುತ್ತಾರೆ. ಸಾರಜನಕದ ಜೊತೆ ಗಾಳಿಯಿಂದ ಬಂದ, ಕ್ರಿಯೆಯಲ್ಲಿ ಸೇರದ ಆರ್ಗಾನ್ ಅನಿಲ ಪ್ರತಿ ಸುತ್ತಿನಲ್ಲೂ ಶೇಖರವಾಗುವುದರಿಂದ ಸ್ವಲ್ಪ ಅನಿಲವನ್ನು ಸದಾ ಹೊರಬಿಡಲೇಬೇಕು. ಎಷ್ಟು ಬಿಡಬೇಕು? ಆ ಲೆಕ್ಕವೇ ಈ ಕೋರ್ಸಿನ ಜೀವಾಳ, ನನಗಂತೂ ಅತಿ ಸೊಗಸಾದ ಭಾಗ.

ಇಂಥ ದ್ರವ್ಯದ, ಶಾಖದ ಲೆಕ್ಕಗಳಿಗೆ ಬೀಜಗಣಿತ ಚೊಕ್ಕವಾಗಿದ್ದರೆ ಸಾಕು. ಕ್ರಿಯೆಯ ವೇಗ ಕಲಿಯಲು ಸರಳ ಅವಕಲ ಸಮೀಕರಣಗಳು (ಡಿಫರೆನ್ಷಿಯಲ್ ಈಕ್ವೇಷನ್) ಬೇಕು; ಪದವಿಯಲ್ಲಿ ಓದಿದ್ದನ್ನು ಮತ್ತೆ ತಿರುವಿಹಾಕಿ. ಉಪಕರಣ ವಿನ್ಯಾಸದ ಭಾರಿ ಗಣಿತ ಕೆಮಿಕಲ್ ಎಂಜಿನಿಯರಿಂಗ್‌ನವರ ಪಾಲಿಗೆ ಬರುತ್ತದೆ.

ಸೇರುವ ಮುನ್ನ ಪಠ್ಯಕ್ರಮ ತರಿಸಿ ನೋಡಿ. ಬಟ್ಟಿ ಇಳಿಸುವಿಕೆಯಂಥ ಬೇರ್ಪಡಿಕೆ ವಿಧಾನಗಳು, ವೇಗವರ್ಧನೆ, ಸುರಕ್ಷತೆ ಇರಲೇಬೇಕು. ಸುರಕ್ಷತೆಯನ್ನು ಒತ್ತಿ ಹೇಳುತ್ತೇನೆ: ಪಾತ್ರೆಯ ಉದ್ದ, ಅಗಲ, ಎತ್ತರ ಹತ್ತು ಪಟ್ಟಾದರೆ ಒಳಗಿನ ದ್ರವ ಸಾವಿರ ಪಟ್ಟಾಗುತ್ತದೆ, ಶಾಖ ಬಿಟ್ಟುಕೊಡುವ ಮೇಲ್ಮೈ ನೂರೇ ಪಟ್ಟು. ಗಾಜಿನ ಫ್ಲಾಸ್ಕಿನಲ್ಲಿ ಸಾಧುವಾಗಿದ್ದ ಕ್ರಿಯೆ ದೊಡ್ಡ ರಿಯಾಕ್ಟರಿನಲ್ಲಿ ಕೈಮೀರಬಹುದು. ಕಾರ್ಖಾನೆಯಲ್ಲಿ ತರಬೇತಿಯೇ ಇಲ್ಲದ ಕೋರ್ಸಾದರೆ, ಹೆಸರು ಎಷ್ಟೇ ದೊಡ್ಡದಿರಲಿ, ಬಿಟ್ಟುಬಿಡಿ.